ಮನೆಯ ಬಳಿಯ ಹಾವು: ಗುರುತು ಹಿಡಿಯುವ ವಿದ್ಯೆಯ ಚರಿತ್ರೆ

"ಹಾವು!" ಎಂಬ ಕೂಗು ಕೇಳಿದೊಡನೆ ನಮ್ಮ ಹಳ್ಳಿಗಳಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಒಬ್ಬನು ಕೋಲಿಗಾಗಿ ಓಡುತ್ತಾನೆ, ಇನ್ನೊಬ್ಬನು "ಯಾವ ಹಾವು?" ಎಂದು ಕೇಳುತ್ತಾನೆ. ಕೋಲು ಮೊದಲು ಬರುವುದೇ ಹೆಚ್ಚು. ಉತ್ತರ ದೊರೆಯುವ ಹೊತ್ತಿಗೆ ಹಾವು ಸತ್ತು ಬಿದ್ದಿರುತ್ತದೆ. ಅದು ಇಲಿ ಹಿಡಿಯಲು ಬಂದ ಬಡಪಾಯಿ ಕೇರೆಯಾಗಿದ್ದರೂ ಆಶ್ಚರ್ಯವಿಲ್ಲ. ಈ ಲೇಖನದಲ್ಲಿ ನಾವು ಕೋಲು ತರಲು ಓಡಿದವನನ್ನು ಬಿಟ್ಟು, ಪ್ರಶ್ನೆ ಕೇಳಿದವನ ಹಿಂದೆ ಹೋಗಬೇಕೆಂದಿದ್ದೇವೆ. ಅವನ ಪ್ರಶ್ನೆ ಬಹು ಪುರಾತನವಾದುದು. ಅದನ್ನು ಒಂದೊಂದು ಕಾಲದಲ್ಲಿ ಒಂದೊಂದು ಉದ್ದೇಶದಿಂದ ಕೇಳಲಾಗಿದೆ. ಉದ್ದೇಶ ಬದಲಾದಂತೆ ಉತ್ತರ ಹುಡುಕುವ ರೀತಿಯೂ ಬದಲಾಗಿದೆ.

ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಿಗೆ ಈ ಚರಿತ್ರೆ ದೂರದ್ದಲ್ಲ. 1965ರವರೆಗೆ ಇವೆರಡೂ ಒಂದೇ ಸೇಲಂ ಜಿಲ್ಲೆಯಾಗಿದ್ದುವು; 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಈ ನೆಲದಲ್ಲಿ ರಾಗಿ, ಕಡಲೆಕಾಯಿ, ಮರಗೆಣಸುಗಳ ಹೊಲಗಳಿವೆ, ಮಾವಿನ ತೋಪುಗಳಿವೆ, ಬಂಡೆಗಳಿಂದ ಕೂಡಿದ ಕುರುಚಲು ಕಾಡುಗಳಿವೆ, ನೇಕಾರರ ಮನೆಗಳಲ್ಲಿ ಮಗ್ಗದ ಗುಂಡಿಗಳಿವೆ. ಕಾಳು ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ಹಾವು. ಹಾವು ಮನುಷ್ಯನನ್ನು ಅರಸಿಕೊಂಡು ಬರುವುದಿಲ್ಲ. ಅವನ ಕಣಜದ ಇಲಿಯನ್ನೂ ಬಚ್ಚಲಿನ ಕಪ್ಪೆಯನ್ನೂ ಅರಸಿಕೊಂಡು ಬರುತ್ತದೆ. ಆದುದರಿಂದ ಹಿತ್ತಿಲಿನಲ್ಲಿ ಹಾವು ಕಾಣುವುದು ಅಪಶಕುನವೂ ಅಲ್ಲ, ಅಪೂರ್ವವೂ ಅಲ್ಲ. ಅದು ಯಾವುದೆಂದು ತಿಳಿಯದಿರುವುದರಲ್ಲಿಯೇ ಅಪಾಯವಿದೆ.

ಹಳೆಯ ಗ್ರಂಥಗಳ ಮೂರು ಗುರುತುಗಳು

ನಮ್ಮ ದೇಶದಲ್ಲಿ ಹಾವುಗಳನ್ನು ವಿಂಗಡಿಸಿ ಬರೆದ ಪ್ರಾಚೀನ ಗ್ರಂಥಗಳಲ್ಲಿ ಸುಶ್ರುತ ಸಂಹಿತೆ ಮುಖ್ಯವಾದುದು. ಅದರ ಕಲ್ಪಸ್ಥಾನದಲ್ಲಿ ಎಂಬತ್ತು ಬಗೆಯ ಹಾವುಗಳನ್ನು ಹೇಳಿದೆ. ಎಂಬತ್ತನ್ನೂ ನೆನಪಿನಲ್ಲಿಡಲು ಯಾರಿಂದಲೂ ಆಗದು. ಆದರೆ ಗ್ರಂಥಕಾರನು ಅವುಗಳನ್ನು ಕಣ್ಣಿಗೆ ಕಾಣುವ ಗುರುತುಗಳಿಂದ ಕೆಲವೇ ವರ್ಗಗಳಿಗೆ ಇಳಿಸಿದ್ದಾನೆ. ಹೆಡೆಯುಳ್ಳವು ದರ್ವೀಕರಗಳು, 'ದರ್ವಿ' ಎಂದರೆ ಸೌಟು, ಬಿಚ್ಚಿದ ಹೆಡೆ ಸೌಟಿನಂತೆ ಕಾಣುವುದರಿಂದ ಆ ಹೆಸರು. ಮೈಮೇಲೆ ದುಂಡು ಮಚ್ಚೆಗಳುಳ್ಳವು ಮಂಡಲಿಗಳು. ಗೆರೆಗಳುಳ್ಳವು ರಾಜಿಮಂತಗಳು. ಇವಲ್ಲದೆ ವಿಷವಿಲ್ಲದವು ಬೇರೆ, ಮಿಶ್ರ ಜಾತಿಯವು ಬೇರೆ.

ಹೆಡೆ, ಮಂಡಲ, ಗೆರೆ ಎಂಬ ಈ ಮೂರು ಗುರುತುಗಳನ್ನು ಇಂದಿನ ಪ್ರಾಣಿಶಾಸ್ತ್ರದ ಬೆಳಕಿನಲ್ಲಿ ನೋಡಿದರೆ ನಮ್ಮ ಬಯಲು ಸೀಮೆಯ ಅಪಾಯಕಾರಿ ಹಾವುಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಹೆಡೆಯದು ನಾಗರಹಾವು, ಮಂಡಲದ್ದು ಕೊಳಕುಮಂಡಲ ಮತ್ತು ಅದರ ಬಳಗ, ಗೆರೆಯದು ಕಟ್ಟುಹಾವು. ಇನ್ನೊಂದು ಮಾತೂ ಗಮನಿಸತಕ್ಕದ್ದು. ದರ್ವೀಕರಗಳು ಹಗಲಿನಲ್ಲಿಯೂ, ರಾಜಿಮಂತಗಳು ಇರುಳಿನ ಕಡೆಯ ಜಾವದಲ್ಲಿಯೂ, ಮಂಡಲಿಗಳು ಇರುಳಿನ ಉಳಿದ ಜಾವಗಳಲ್ಲಿಯೂ ಸಂಚರಿಸುತ್ತವೆಯೆಂದು ಅಲ್ಲಿ ಹೇಳಿದೆ. ಕಟ್ಟುಹಾವು ಇರುಳಿನಲ್ಲಿಯೇ ತಿರುಗುವ ಪ್ರಾಣಿಯೆಂಬುದನ್ನು ಇಂದಿನ ವೈದ್ಯರೂ ಒತ್ತಿ ಹೇಳುತ್ತಾರೆ. ಸುಶ್ರುತದ ಎಲ್ಲ ಮಾತುಗಳನ್ನೂ ಇಂದು ಒಪ್ಪಲಾಗದು. ಅದರ ಔಷಧಗಳನ್ನು ನಂಬಿ ಕುಳಿತರೆ ಪ್ರಾಣವೇ ಹೋದೀತು. ಆದರೆ ಅದರ ನೋಟ ಜೀವಂತ ಹಾವನ್ನು ಕಂಡವರ ನೋಟ. ದೂರದಲ್ಲಿ ನಿಂತು, ಬಣ್ಣ, ಆಕಾರ, ಚಲನೆ, ಹೊತ್ತು ಇವುಗಳನ್ನು ಗಮನಿಸಿದವರ ಅನುಭವ ಅದರಲ್ಲಿ ಅಡಗಿದೆ.

ಕನ್ನಡಕ್ಕೂ ಈ ವಿದ್ಯೆಯಲ್ಲಿ ತನ್ನದೇ ಆದ ಗ್ರಂಥವಿದೆ. 14ನೆಯ ಶತಮಾನದಲ್ಲಿ, ವಿಜಯನಗರದ ಆರಂಭದ ದಿನಗಳಲ್ಲಿ, ಮಂಗರಾಜನೆಂಬ ಜೈನಕವಿ ವಿಷವೈದ್ಯವನ್ನೇ ವಿಷಯವಾಗಿಟ್ಟುಕೊಂಡು 'ಖಗೇಂದ್ರಮಣಿದರ್ಪಣ'ವನ್ನು ಪದ್ಯರೂಪದಲ್ಲಿ ರಚಿಸಿದನು. ಖಗೇಂದ್ರನೆಂದರೆ ಗರುಡ, ಸರ್ಪಗಳ ವೈರಿ. ಸಂಸ್ಕೃತದಲ್ಲಿ ಹುದುಗಿದ್ದ ವಿಷವಿದ್ಯೆಯನ್ನು ಕನ್ನಡ ಬಲ್ಲವರ ಕೈಗೆ ತಲುಪಿಸಿದ ಈ ಕೃತಿಯನ್ನು 1942ರಲ್ಲಿ ಅಚ್ಚಿನಲ್ಲಿ ಹೊರತಂದದ್ದು ಮದ್ರಾಸು ವಿಶ್ವವಿದ್ಯಾನಿಲಯ. ತಮಿಳುನಾಡಿನಲ್ಲಿ ಕನ್ನಡ ಕಲಿಯುವ ನಮ್ಮ ವಿದ್ಯಾರ್ಥಿಗಳು ಈ ಸಂಗತಿಯನ್ನು ಅಭಿಮಾನದಿಂದ ನೆನೆಯಬಹುದು.

ಮೂರು ನುಡಿಗಳ ನಡುವೆ ಒಂದು ಹಾವು

ಗ್ರಂಥದ 'ಮಂಡಲಿ' ಎಂಬ ಮಾತು ನಮ್ಮ ಕನ್ನಡದಲ್ಲಿ 'ಮಂಡಲದ ಹಾವು' ಎಂದು ಇಂದಿಗೂ ಉಳಿದಿದೆ. ಕೊಳಕುಮಂಡಲ, ಗರಗಸಮಂಡಲ ಎಂದು ಅದಕ್ಕೆ ವಿಶೇಷಣಗಳು ಸೇರಿವೆ. ಆದರೆ ನಮ್ಮ ಜಿಲ್ಲೆಗಳ ಮನೆಮಾತು ಕನ್ನಡವಾದರೆ ಬೀದಿಮಾತು ತಮಿಳು. ಹೊಸೂರಿನ ಕಡೆಗೆ ಹೋದರೆ ತೆಲುಗೂ ಸೇರುತ್ತದೆ. ಇಲ್ಲಿ ಹಾವಿನ ಹೆಸರು ಗಡಿ ದಾಟುವಾಗ ಅರ್ಥದಲ್ಲಿ ಜಾರುವುದುಂಟು.

ನಾಗರಹಾವಿಗೆ ತಮಿಳಿನಲ್ಲಿ 'ನಲ್ಲ ಪಾಂಬು', ಅಂದರೆ ಒಳ್ಳೆಯ ಹಾವು, ಎಂದು ಹೆಸರು. ಭಯಭಕ್ತಿಗಳಿಂದ ಬಂದ ಆ ಹೆಸರನ್ನು ಕೇಳಿ ಕನ್ನಡದ ಮಗುವೊಂದು ಅದನ್ನು ನಿರಪಾಯದ ಹಾವೆಂದು ತಿಳಿದರೆ ತಪ್ಪು ಮಗುವಿನದಲ್ಲ. ಅದಕ್ಕೆ ಕಾರಣವೂ ಇದೆ: ನೀರಿನ ಬಳಿ ವಾಸಿಸುವ, ವಿಷವಿಲ್ಲದ ಹಾವಿಗೆ ಕನ್ನಡದಲ್ಲಿ 'ಒಳ್ಳೆ ಹಾವು' ಎನ್ನುತ್ತೇವೆ. ಎರಡು ನೆರೆಯ ನುಡಿಗಳಲ್ಲಿ 'ಒಳ್ಳೆಯ' ಹಾವುಗಳು ಎರಡು. ಒಂದು ಕಪ್ಪೆ ಮೀನುಗಳನ್ನು ತಿಂದುಕೊಂಡು ಕೆರೆಯಂಚಿನಲ್ಲಿ ಬಾಳುವಂಥದು, ಇನ್ನೊಂದು ಪ್ರಾಣ ತೆಗೆಯಬಲ್ಲದು.

ಇದಕ್ಕಿಂತಲೂ ಸೂಕ್ಷ್ಮವಾದುದು 'ವಿರಿಯನ್' ಎಂಬ ಮಾತು. ತಮಿಳಿನಲ್ಲಿ ಕೊಳಕುಮಂಡಲವು 'ಕಣ್ಣಾಡಿ ವಿರಿಯನ್'. ಗರಗಸಮಂಡಲವು 'ಸುರುಟ್ಟೈ ವಿರಿಯನ್'. ಕಟ್ಟುಹಾವೂ 'ಕಟ್ಟು ವಿರಿಯನ್'. ಕನ್ನಡವು ಮಂಡಲಗಳನ್ನು ಒಂದು ಗುಂಪಾಗಿಸಿ ಕಟ್ಟುಹಾವನ್ನು ಬೇರೆ ಇರಿಸಿದರೆ, ತಮಿಳು ಮೂರಕ್ಕೂ ಒಂದೇ ಕುಲನಾಮವನ್ನು ಕೊಟ್ಟಿದೆ. ಹೆಸರು ಒಂದಾದರೂ ಅವುಗಳ ವಿಷ ಒಂದಲ್ಲ. ಮಂಡಲಗಳ ವಿಷವು ರಕ್ತವನ್ನು ಕೆಡಿಸುತ್ತದೆ: ಕಚ್ಚಿದ ಕಡೆ ಬಾವು ಬರುತ್ತದೆ, ರಕ್ತ ಹೆಪ್ಪುಗಟ್ಟದೆ ಸೋರುತ್ತದೆ, ಕೊಳಕುಮಂಡಲ ಕಚ್ಚಿದರೆ ಮೂತ್ರಪಿಂಡಗಳೂ ಕೆಡುವುದುಂಟು. ಕಟ್ಟುಹಾವಿನ ವಿಷವು ನರಗಳನ್ನು ಹಿಡಿಯುತ್ತದೆ: ಬಾವು ಇರುವುದಿಲ್ಲ, ನೋವೂ ಇರದಿರಬಹುದು, ಕೆಲವು ಗಂಟೆಗಳಲ್ಲಿ ಕಣ್ಣೆವೆ ಜೋಲುತ್ತದೆ, ನುಂಗಲು ಕಷ್ಟವಾಗುತ್ತದೆ, ಕಡೆಗೆ ಉಸಿರು ನಿಲ್ಲುತ್ತದೆ. "ವಿರಿಯನ್ ಕಡಿದಿದೆ" ಎಂದಷ್ಟೇ ಹೇಳಿ, ಬಾವು ಕಾಣದ್ದರಿಂದ "ಏನೂ ಆಗಿಲ್ಲ" ಎಂದು ರೋಗಿಯನ್ನು ಮಲಗಿಸಿದರೆ ಆ ನಿದ್ರೆಯಿಂದ ಅವನು ಏಳದೆ ಹೋಗಬಹುದು.

ಹೆಸರುಗಳು ನಂಬಿಕೆಗಳನ್ನೂ ಹೊತ್ತು ತರುತ್ತವೆ. ಕಟ್ಟುಹಾವಿಗೆ ತಮಿಳಿನಲ್ಲಿ 'ಎಟ್ಟಡಿ ವಿರಿಯನ್' ಎಂದೂ ಹೇಳುವುದುಂಟು. ಕಚ್ಚಿಸಿಕೊಂಡವನು ಎಂಟು ಹೆಜ್ಜೆ ಹೋಗುವಷ್ಟರಲ್ಲಿ ಸಾಯುವನೆಂಬ ಭಾವನೆ ಅದರಲ್ಲಿದೆ. ಅದು ನಿಜವಲ್ಲ. ಆಸ್ಪತ್ರೆ ತಲುಪಲು ಸಮಯವಿರುತ್ತದೆ. ಆ ಸಮಯವನ್ನು ಮಂತ್ರ ತಂತ್ರಗಳಲ್ಲಿ ಕಳೆಯಬಾರದು, ಅಷ್ಟೆ. ಇನ್ನು ಕೇರೆಹಾವು, ತಮಿಳಿನ 'ಸಾರೈ', ತೆಲುಗಿನ 'ಜೆರ್ರಿಪೋತು', ನಾಗರಹಾವಿನ ಗಂಡೆಂಬ ನಂಬಿಕೆ ಹಲವು ಕಡೆ ಇದೆ. ಎರಡು ಹಾವುಗಳು ಹೆಣೆದುಕೊಂಡು ಮೇಲೇಳುವುದನ್ನು ಕಂಡವರು ಅದನ್ನು ನಾಗರ ಕೇರೆಗಳ ಮಿಲನವೆನ್ನುತ್ತಾರೆ. ವಾಸ್ತವದಲ್ಲಿ ಅದು ಎರಡು ಗಂಡು ಕೇರೆಗಳ ಕಾದಾಟವಾಗಿರುವುದೇ ಹೆಚ್ಚು. ಕೇರೆಗೆ ವಿಷವಿಲ್ಲ, ನಾಗರಕ್ಕೂ ಅದಕ್ಕೂ ದಾಂಪತ್ಯ ಸಂಬಂಧವೂ ಇಲ್ಲ. ಹೊಲದ ಇಲಿಗಳನ್ನು ತಿಂದು ರೈತನಿಗೆ ಉಪಕಾರ ಮಾಡುವ ಈ ಹಾವು ಇಲ್ಲದ ನಂಟಸ್ತಿಕೆಗಾಗಿ ತಲೆ ಕೊಡುತ್ತಿದೆ.

ವಿಶಾಖಪಟ್ಟಣದಿಂದ ಶೆವರಾಯ್ ಬೆಟ್ಟಕ್ಕೆ

ಯೂರೋಪಿನ ಪ್ರಕೃತಿಶಾಸ್ತ್ರವು ಭಾರತದ ಹಾವುಗಳ ಕಡೆಗೆ ಕ್ರಮವಾಗಿ ಕಣ್ಣು ತೆರೆದದ್ದು 18ನೆಯ ಶತಮಾನದ ಕೊನೆಯಲ್ಲಿ. ಸ್ಕಾಟ್ಲೆಂಡಿನ ವೈದ್ಯ ಪ್ಯಾಟ್ರಿಕ್ ರಸೆಲ್ ಮೊದಲು ಸಿರಿಯಾ ದೇಶದ ಅಲೆಪ್ಪೊ ನಗರದಲ್ಲಿದ್ದು ಪ್ಲೇಗು ರೋಗವನ್ನು ಅಭ್ಯಾಸ ಮಾಡಿದವನು. ಅನಂತರ ತನ್ನ ಸೋದರನೊಡನೆ ವಿಶಾಖಪಟ್ಟಣಕ್ಕೆ ಬಂದು, 1785ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಪ್ರಕೃತಿಶಾಸ್ತ್ರಜ್ಞನಾಗಿ ನೇಮಕಗೊಂಡನು. ಹಾವು ಕಡಿದು ಜನರು ಸಾಯುತ್ತಿದ್ದುದನ್ನು ಕಂಡು, ವಿಷವುಳ್ಳ ಹಾವುಗಳನ್ನು ವಿಷವಿಲ್ಲದವುಗಳಿಂದ ಬೇರ್ಪಡಿಸಿ ತೋರಿಸುವುದು ಅವಶ್ಯವೆಂದು ಅವನಿಗೆ ತೋರಿತು. ತರಿಸಿದ ಹಾವುಗಳ ಹಲ್ಲುಗಳನ್ನು ಪರೀಕ್ಷಿಸಿದನು, ಕೋಳಿ, ನಾಯಿಗಳ ಮೇಲೆ ವಿಷದ ಪರಿಣಾಮವನ್ನು ನೋಡಿದನು, ಚಿತ್ರಗಳನ್ನು ಬರೆಯಿಸಿದನು. 1796ರಲ್ಲಿ ಅವನ ದೊಡ್ಡ ಸಚಿತ್ರ ಗ್ರಂಥದ ಮೊದಲ ಸಂಪುಟ ಪ್ರಕಟವಾಯಿತು.

ಈ ಗ್ರಂಥದಲ್ಲಿ ಎರಡು ವಿಷಯಗಳು ನಮ್ಮ ಗಮನವನ್ನು ಸೆಳೆಯುತ್ತವೆ. ಒಂದನೆಯದು, ಅವನು ಪರೀಕ್ಷಿಸಿದ ಹಾವುಗಳಲ್ಲಿ ವಿಷದ ಹಲ್ಲು ಇದ್ದವು ಕೆಲವೇ ಕೆಲವು ಎಂಬ ತೀರ್ಮಾನ. ಹಾವೆಲ್ಲ ವಿಷವಲ್ಲವೆಂದು ಹಳ್ಳಿಗರು ಬಾಯಿಮಾತಿನಲ್ಲಿ ಹೇಳುತ್ತಿದ್ದುದಕ್ಕೆ ಪ್ರಯೋಗದ ಆಧಾರ ದೊರೆತಂತಾಯಿತು. ಎರಡನೆಯದು, ಅವನು ಹಾವುಗಳನ್ನು ಸ್ಥಳೀಯರು ಕರೆಯುತ್ತಿದ್ದ ಹೆಸರುಗಳಿಂದಲೇ ಗುರುತಿಸಿದ್ದು. 'ಕಾಟುಕ ರೇಕುಲ ಪೊಡ' ಎಂದು ತೆಲುಗಿನಲ್ಲಿ ಅವನು ಕೇಳಿ ಬರೆದ ಹಾವೇ ನಮ್ಮ ಕೊಳಕುಮಂಡಲ. ಇಂಗ್ಲೆಂಡಿನ ಜಾರ್ಜ್ ಷಾ ಎಂಬ ಶಾಸ್ತ್ರಜ್ಞನು 1797ರಲ್ಲಿ ಅದಕ್ಕೆ ರಸೆಲ್ಲನ ಹೆಸರನ್ನೇ ಇಟ್ಟನು. ಹೀಗೆ ಹೆಸರು ಹೇಳಿಕೊಟ್ಟ ಹಳ್ಳಿಗರು ಮರೆಯಾದರು. ಹೆಸರು ಕೇಳಿ ಬರೆದುಕೊಂಡವನು ಶಾಸ್ತ್ರದಲ್ಲಿ ಉಳಿದನು.

ನಮ್ಮ ಸೇಲಂ ಜಿಲ್ಲೆಯೂ ಈ ಶಾಸ್ತ್ರಕ್ಕೆ ತನ್ನದೊಂದು ಕಾಣಿಕೆಯನ್ನು ಸಲ್ಲಿಸಿದೆ. ಮದ್ರಾಸು ಸೈನ್ಯದಿಂದ ಅರಣ್ಯ ಇಲಾಖೆಗೆ ಬಂದ ರಿಚರ್ಡ್ ಹೆನ್ರಿ ಬೆಡ್ಡೋಮ್ ದಕ್ಷಿಣದ ಬೆಟ್ಟಗಳಲ್ಲಿ ಗಿಡಗಳನ್ನೂ ಹಾವು ಹಲ್ಲಿಗಳನ್ನೂ ಸಂಗ್ರಹಿಸಿದವನು. ಏರ್ಕಾಡು ಇರುವ ಶೆವರಾಯ್ ಬೆಟ್ಟಗಳಿಂದ ಒಂದು ಸಣ್ಣ ಹಾವನ್ನು ಅವನು 1863ರಲ್ಲಿ ವರ್ಣಿಸಿ, ಮದ್ರಾಸಿನ ವೈದ್ಯ ಜಾನ್ ಷಾರ್ಟನ ಹೆಸರನ್ನು ಅದಕ್ಕೆ ಕೊಟ್ಟನು. ಅದು ಮಣ್ಣಿನೊಳಗೆ ಬಾಳುತ್ತದೆ, ಎರೆಹುಳುಗಳನ್ನು ತಿನ್ನುತ್ತದೆ, ಯಾರನ್ನೂ ನೋಯಿಸುವುದಿಲ್ಲ. ಅದರ ಬಾಲದ ತುದಿ ಕತ್ತರಿಸಿದಂತೆ ಮೊಂಡಾಗಿ ಗುರಾಣಿಯನ್ನು ಹೋಲುತ್ತದೆ. ಮುಂದೆ ಶಾಸ್ತ್ರಜ್ಞರು ಅದನ್ನು ಬೇರೊಂದು ಜಾತಿಯೊಳಗೆ ಸೇರಿಸಿಬಿಟ್ಟಿದ್ದರು. 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅದು ಪ್ರತ್ಯೇಕ ಜಾತಿಯೇ ಸರಿಯೆಂದು ಮತ್ತೆ ಸ್ಥಾಪಿಸಿತು. ನೂರೈವತ್ತು ವರ್ಷಗಳ ಬಳಿಕ ಪಂಡಿತರೇ ಒಂದು ಹಾವಿನ ಗುರುತನ್ನು ತಿದ್ದಿ ಬರೆಯಬೇಕಾಯಿತೆಂದರೆ, ಈ ವಿದ್ಯೆ ಎಷ್ಟು ಎಚ್ಚರಿಕೆಯನ್ನು ಬೇಡುತ್ತದೆಂಬುದು ವಾಚಕರಿಗೆ ವೇದ್ಯವಾಗುವುದು.

ಸತ್ತ ಹಾವಿನ ಶಾಸ್ತ್ರ

19ನೆಯ ಶತಮಾನದಲ್ಲಿ "ಯಾವ ಹಾವು?" ಎಂಬ ಪ್ರಶ್ನೆಯನ್ನು ಸರ್ಕಾರವೇ ಕೇಳತೊಡಗಿತು. ಕಲ್ಕತ್ತೆಯ ವೈದ್ಯ ಜೋಸೆಫ್ ಫೇರರ್ ಉತ್ತರ ಭಾರತದ ಕೆಲವು ಪ್ರಾಂತಗಳಿಂದ ವರದಿಗಳನ್ನು ತರಿಸಿ, 1869ನೆಯ ಒಂದೇ ವರ್ಷದಲ್ಲಿ 11,416 ಮಂದಿ ಹಾವು ಕಚ್ಚಿ ಸತ್ತರೆಂದು ಲೆಕ್ಕ ಕೊಟ್ಟನು. 1872ರಲ್ಲಿ ಹೊರಬಂದ ಅವನ ಗ್ರಂಥಕ್ಕೆ ಬಣ್ಣದ ಚಿತ್ರಗಳನ್ನು ಬರೆದವರು ಕಲ್ಕತ್ತೆಯ ಕಲಾಶಾಲೆಯ ಭಾರತೀಯ ಚಿತ್ರಕಾರರು. ಸಾವಿನ ಸಂಖ್ಯೆಯನ್ನು ತಗ್ಗಿಸಲು ಸರ್ಕಾರಗಳು ಹಿಡಿದ ಒಂದು ದಾರಿ, ಕೊಂದು ತಂದ ಹಾವಿಗೆ ಬಹುಮಾನ ಕೊಡುವುದು. ಆಗ ಹಣ ಕೊಡುವ ಅಧಿಕಾರಿಗೆ ತನ್ನ ಮುಂದೆ ಬಿದ್ದಿರುವ ಹಾವು ವಿಷದ್ದೋ ಅಲ್ಲವೋ ತಿಳಿಯಬೇಕಾಯಿತು. ಗುರುತು ಹಿಡಿಯುವ ವಿದ್ಯೆ ಹಿತ್ತಿಲಿನಿಂದ ಕಚೇರಿಯ ಮೇಜಿಗೆ ಬಂದಿತು; ಜೀವಂತ ಹಾವಿನ ವಿದ್ಯೆ ಸತ್ತ ಹಾವಿನ ವಿದ್ಯೆಯಾಯಿತು.

ಈ ವಿದ್ಯೆಯನ್ನು ಪರಿಪೂರ್ಣತೆಗೆ ಕೊಂಡೊಯ್ದವನು ಸಿಂಹಳದಲ್ಲಿ ಹುಟ್ಟಿ ಭಾರತದ ಸೇನಾ ವೈದ್ಯಕೀಯದಲ್ಲಿ ದುಡಿದ ಫ್ರಾಂಕ್ ವಾಲ್. ವಿಷದ ಹಾವುಗಳನ್ನು ಗುರುತಿಸುವುದು ಹೇಗೆಂದು ಅವನು ಬರೆದ ಚಿಕ್ಕ ಪುಸ್ತಕವನ್ನು, 1883ರಲ್ಲಿ ಸ್ಥಾಪಿತವಾಗಿದ್ದ ಮುಂಬಯಿಯ ಪ್ರಕೃತಿ ಚರಿತ್ರೆಯ ಸಂಘವು 1907ರಲ್ಲಿ ಪ್ರಕಟಿಸಿತು. 1928ರ ವೇಳೆಗೆ ಅದು ನಾಲ್ಕನೆಯ ಮುದ್ರಣವನ್ನು ಕಂಡಿತು. ಬಣ್ಣವನ್ನು ನಂಬಬೇಡಿ, ಹುರುಪೆಗಳನ್ನು ನೋಡಿ ಎಂಬುದು ಅವನ ಕ್ರಮದ ಸಾರ. ಬಾಲ ಚಪ್ಪಟೆಯಾಗಿದ್ದರೆ ಕಡಲ ಹಾವು. ಬಾಲ ದುಂಡಾಗಿದ್ದು ಹೊಟ್ಟೆಯ ಪಟ್ಟಿಗಳು ಅಗಲಕ್ಕೂ ಹರಡಿರದೆ ಕಿರಿದಾಗಿದ್ದರೆ ವಿಷವಿಲ್ಲ. ಹೊಟ್ಟೆಯ ಪಟ್ಟಿಗಳು ಪೂರ್ಣ ಅಗಲವಾಗಿದ್ದು, ತಲೆಯ ಮೇಲೆ ಸಣ್ಣ ಹುರುಪೆಗಳೇ ತುಂಬಿದ್ದರೆ ಮಂಡಲ. ಕಣ್ಣಿಗೂ ಮೂಗಿಗೂ ನಡುವೆ ಕುಳಿಯಿದ್ದರೆ ಕುಳಿಮಂಡಲ. ಮೇಲ್ದುಟಿಯ ಮೂರನೆಯ ಹುರುಪೆ ಕಣ್ಣನ್ನೂ ಮೂಗಿನ ಹುರುಪೆಯನ್ನೂ ಮುಟ್ಟಿದ್ದರೆ ನಾಗರ ಅಥವಾ ಹವಳದ ಹಾವು. ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡವಾಗಿ ಆರು ಮೂಲೆಯುಳ್ಳವಾಗಿದ್ದು, ಕೆಳದುಟಿಯ ನಾಲ್ಕನೆಯ ಹುರುಪೆ ಎಲ್ಲಕ್ಕಿಂತ ದೊಡ್ಡದಾಗಿದ್ದರೆ ಕಟ್ಟುಹಾವು.

ಈ ಕ್ರಮವು ನಮ್ಮ ಪ್ರಾಣಿಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಬಹುಕಾಲ ನೆಲೆಯೂರಿತು. ಉಪಾಧ್ಯಾಯರಲ್ಲಿ ಅನೇಕರು ಇದನ್ನು ಕಂಠಪಾಠ ಮಾಡಿಸಿರಬಹುದು. ಸತ್ತ ಹಾವಿನ ಮಟ್ಟಿಗೆ ಅದು ಬಹುಮಟ್ಟಿಗೆ ತಪ್ಪದ ಕ್ರಮ. ಮ್ಯೂಸಿಯಮ್ಮಿನ ಸೀಸೆಯ ಮುಂದೆ ಅದಕ್ಕೆ ಸಾಟಿಯಿಲ್ಲ. ಆದರೆ ಬಚ್ಚಲಿನ ಮೂಲೆಯಲ್ಲಿ ಸುತ್ತಿಕೊಂಡಿರುವ ಹಾವಿನ ಕೆಳದುಟಿಯ ನಾಲ್ಕನೆಯ ಹುರುಪೆಯನ್ನು ಎಣಿಸುವವರಾರು? ಎಣಿಸಬೇಕಾದರೆ ಅದನ್ನು ಕೊಲ್ಲಬೇಕು. ಕೊಲ್ಲಬೇಕಾದರೆ ಬಳಿ ಸಾರಬೇಕು. ಬಳಿ ಸಾರಿದವನನ್ನು ಹಾವು ಕಚ್ಚುತ್ತದೆ. ಸತ್ತಿತೆಂದು ಭಾವಿಸಿದ ಹಾವಿನ, ಕತ್ತರಿಸಿದ ತಲೆಯ ಬಾಯಿ ಕೂಡ ಸ್ವಲ್ಪ ಹೊತ್ತು ಕಚ್ಚಬಲ್ಲದು. ಹೀಗೆ, ಜನರನ್ನು ಉಳಿಸಲೆಂದು ಹುಟ್ಟಿದ ವಿದ್ಯೆ ಮನೆಯವರ ಕೈಯಲ್ಲಿ ಅವರಿಗೇ ಅಪಾಯವಾಗುವ ಸಂಭವವುಂಟಾಯಿತು.

ಕುದುರೆಯ ರಕ್ತ, ಇರುಳರ ಕೈ

ಅದೇ ಕಾಲದಲ್ಲಿ ಗುರುತು ಹಿಡಿಯುವುದಕ್ಕೆ ಇನ್ನೊಂದು ಕಾರಣವೂ ಒದಗಿತು. 1895ರ ಸುಮಾರಿಗೆ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಹಾವಿನ ವಿಷಕ್ಕೆ ಪ್ರತಿವಿಷವನ್ನು ತಯಾರಿಸಿದನು. ಕುದುರೆಗೆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಚುಚ್ಚಿ, ಅದನ್ನು ಎದುರಿಸುವ ಶಕ್ತಿ ಕುದುರೆಯ ರಕ್ತದಲ್ಲಿ ಹುಟ್ಟಿದ ಮೇಲೆ, ಆ ರಕ್ತದ ತಿಳಿಯನ್ನು ರೋಗಿಗೆ ಕೊಡುವುದು ಅದರ ಕ್ರಮ. ಮೊದಮೊದಲು ಅದು ಎಲ್ಲ ಹಾವುಗಳಿಗೂ ಮದ್ದೆಂದು ಆಶಿಸಲಾಗಿತ್ತು. ಆದರೆ 20ನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಲ್ಯಾಂಬ್ ಎಂಬ ವೈದ್ಯನು, ನಾಗರದ ವಿಷಕ್ಕೆಂದು ಮಾಡಿದ ಮದ್ದು ಕೊಳಕುಮಂಡಲದ ವಿಷದ ಮುಂದೆ ನಿಲ್ಲದೆಂದು ತೋರಿಸಿದನು. ಹಾಗಾದರೆ ಯಾವ ಹಾವು ಕಡಿದಿದೆಯೆಂದು ತಿಳಿಯದೆ ಮದ್ದು ಕೊಡುವುದೆಂತು? "ಹಾವನ್ನು ಕೊಂದು ಆಸ್ಪತ್ರೆಗೆ ತನ್ನಿ" ಎಂಬ ಮಾತಿಗೆ ಆ ಕಾಲದಲ್ಲಿ ಅರ್ಥವಿತ್ತು.

ಮುಂದೆ ಮುಂಬಯಿಯ ಹಾಫ್ಕಿನ್ ಸಂಸ್ಥೆಯಂಥ ಕಡೆಗಳಲ್ಲಿ ಬಹುವಿಷಗಳಿಗೆ ಒಂದೇ ಮದ್ದು ಸಿದ್ಧವಾಯಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಗಳನ್ನೂ ಎದುರಿಸುವ ಮದ್ದು ಅದು. ಇಂದು ಭಾರತದ ಆಸ್ಪತ್ರೆಗಳಲ್ಲಿ ಬಳಸುವುದು ಈ ಬಗೆಯದನ್ನೇ. ವೈದ್ಯರು ರೋಗಿಯ ಲಕ್ಷಣಗಳನ್ನು ನೋಡಿ, ರಕ್ತವು ಹೆಪ್ಪುಗಟ್ಟುವುದೇ ಎಂದು ಪರೀಕ್ಷಿಸಿ ಚಿಕಿತ್ಸೆಯನ್ನು ನಿರ್ಧರಿಸುತ್ತಾರೆ. ಹಾವಿನ ಹೆಣ ಅವರಿಗೆ ಬೇಕಾಗಿಲ್ಲ. ಹಳೆಯ ಕಾರಣ ತೀರಿಹೋದರೂ ಹಳೆಯ ಮಾತು ಮಾತ್ರ ಹಳ್ಳಿಗಳಲ್ಲಿ ತೀರಿಲ್ಲ. ಒಬ್ಬನನ್ನು ಕಚ್ಚಿದ ಹಾವನ್ನು ಹುಡುಕುತ್ತಾ ಹೊತ್ತು ಕಳೆಯುವುದೂ, ಹುಡುಕಹೋದ ಎರಡನೆಯವನು ಕಚ್ಚಿಸಿಕೊಳ್ಳುವುದೂ ಉಂಟು.

ಮದ್ದಿಗೆ ಬೇಕಾದ ವಿಷ ಎಲ್ಲಿಂದ ಬರುತ್ತದೆ? ಇಲ್ಲಿ ತಮಿಳುನಾಡಿನ ಇರುಳರನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ಹಾವಿನ ಜಾಡನ್ನು ಮಣ್ಣಿನಲ್ಲಿ ಓದಬಲ್ಲ ಈ ಜನರು ಒಂದು ಕಾಲದಲ್ಲಿ ಹಾವಿನ ಚರ್ಮದ ವ್ಯಾಪಾರಕ್ಕೆ ಹಾವು ಹಿಡಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಆ ವ್ಯಾಪಾರ ನಿಂತು ಅವರ ಜೀವನೋಪಾಯ ತಪ್ಪಿತು. ಮದ್ರಾಸಿನ ಹಾವುಗಳ ಉದ್ಯಾನವನ್ನು ಸ್ಥಾಪಿಸಿದ ರಾಮುಲಸ್ ವಿಟೇಕರ್ ಅವರ ನೆರವಿನಿಂದ 1978ರಲ್ಲಿ ಇರುಳರ ಹಾವು ಹಿಡಿಯುವವರ ಸಹಕಾರ ಸಂಘವು ಮಹಾಬಲಿಪುರದ ದಾರಿಯಲ್ಲಿ ಆರಂಭವಾಯಿತು. ಹಾವನ್ನು ಜೀವಸಹಿತ ಹಿಡಿದು, ವಿಷವನ್ನು ತೆಗೆದು, ಮತ್ತೆ ಕಾಡಿಗೆ ಬಿಡುವುದು ಅಲ್ಲಿಯ ಪದ್ಧತಿ. 2023ರಲ್ಲಿ ಆ ಜನಾಂಗದ ಹಾವುಗಾರರಾದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ ಪದ್ಮಶ್ರೀ ದೊರೆಯಿತು. ರಸೆಲ್ಲನ ಕಾಲದಲ್ಲಿ ಮರೆಯಾದ ಹಳ್ಳಿಗರ ವಿದ್ಯೆಗೆ ಹೆಸರು ಸಹಿತ ಮನ್ನಣೆ ಸಂದಂತಾಯಿತು.

ದೂರದಿಂದ ನೋಡುವವರಿಗೆ

ವೈದ್ಯನಿಗಾಗಿ ಹಾವನ್ನು ಗುರುತಿಸುವ ಅಗತ್ಯ ಕಡಮೆಯಾದ ಮೇಲೆ, ಗುರುತಿಸುವ ವಿದ್ಯೆ ನಮಗೇಕೆ? ಮನೆಯವರ ಎಚ್ಚರಕ್ಕೂ ನಿರಪರಾಧಿ ಹಾವಿನ ರಕ್ಷಣೆಗೂ ಎಂದು ನಮ್ಮ ಉತ್ತರ. ಇದಕ್ಕೆ ಬೇಕಾದದ್ದು ಸುಶ್ರುತದ ಕಾಲದ ಆ ದೂರದ ನೋಟವೇ. ನಾಲ್ಕು ಹಾವುಗಳನ್ನೂ, ಅವುಗಳಂತೆ ತೋರುವ ನಾಲ್ಕನ್ನೂ ಮಕ್ಕಳು ಜೋಡಿ ಜೋಡಿಯಾಗಿ ಕಲಿಯುವುದು ಸುಲಭ.

ನಾಗರ ಮತ್ತು ಕೇರೆ: ನಾಗರಕ್ಕೆ ಹೆಡೆಯುಂಟು, ಹೆಡೆಯ ಹಿಂದೆ ಸಾಮಾನ್ಯವಾಗಿ ಕನ್ನಡಕದಂಥ ಗುರುತುಂಟು. ಆದರೆ ಅದು ಸದಾ ಹೆಡೆ ಬಿಚ್ಚಿಕೊಂಡಿರುವುದಿಲ್ಲ. ಗುರುತಿಲ್ಲದ ನಾಗರಗಳೂ ಇವೆ. ಕೇರೆ ಉದ್ದವಾದುದು, ಕಣ್ಣು ದೊಡ್ಡದು, ತುಟಿಯ ಮೇಲೆ ಕಪ್ಪು ಗೀಟುಗಳಿರುತ್ತವೆ, ಹಗಲಿನಲ್ಲಿ ರಭಸದಿಂದ ಓಡುತ್ತದೆ.

ಕಟ್ಟುಹಾವು ಮತ್ತು ತೋಳಹಾವು: ಕಟ್ಟುಹಾವು ಹೊಳೆಯುವ ನೀಲಿಗಪ್ಪು ಬಣ್ಣದ್ದು, ತೆಳುವಾದ ಬಿಳಿಯ ಕಟ್ಟುಗಳು ಹೆಚ್ಚಾಗಿ ಜೋಡಿ ಜೋಡಿಯಾಗಿದ್ದು, ಕತ್ತಿನ ಬಳಿ ಮಸುಕಾಗಿ ಬಾಲದ ಕಡೆಗೆ ಸ್ಪಷ್ಟವಾಗುತ್ತವೆ. ವಿಷವಿಲ್ಲದ ತೋಳಹಾವಿನಲ್ಲಿ ಇದಕ್ಕೆ ವಿರುದ್ಧ: ಪಟ್ಟೆಗಳು ಕತ್ತಿನ ಬಳಿ ಎದ್ದು ಕಂಡು ಬಾಲದ ಕಡೆಗೆ ಮಾಸಿಹೋಗುತ್ತವೆ, ಅದು ಗೋಡೆಯನ್ನೂ ಹತ್ತುತ್ತದೆ.

ಕೊಳಕುಮಂಡಲ ಮತ್ತು ಮಣ್ಣುಮುಕ್ಕ: ಕೊಳಕುಮಂಡಲದ ದಪ್ಪ ಮೈಮೇಲೆ ಕಂದು ಬಣ್ಣದ ಮೊಟ್ಟೆಯಾಕಾರದ ಮಚ್ಚೆಗಳು ಮೂರು ಸಾಲುಗಳಲ್ಲಿ ಸರಪಳಿಯಂತೆ ಸಾಗುತ್ತವೆ, ತಲೆ ಮುಕ್ಕೋನವಾಗಿರುತ್ತದೆ, ಕೆರಳಿದರೆ ತಿದಿಯೂದಿದಂತೆ ಜೋರಾಗಿ ಬುಸುಗುಟ್ಟುತ್ತದೆ. ಮಣ್ಣುಮುಕ್ಕನ ಮಚ್ಚೆಗಳು ಅಂಕುಡೊಂಕು, ಬಾಲ ಗಿಡ್ಡ. ಮಣ್ಣುಮುಕ್ಕನೆಂದು ತಿಳಿದು ಮಂಡಲವನ್ನು ಎತ್ತಿಕೊಂಡವರಿದ್ದಾರೆ. ಆದುದರಿಂದ ಎರಡನ್ನೂ ಮುಟ್ಟಲಾಗದು.

ಗರಗಸಮಂಡಲ ಮತ್ತು ಬೆಕ್ಕುಹಾವು: ಗರಗಸಮಂಡಲ ಸಣ್ಣದು, ಒಣ ಬಂಡೆನೆಲದ್ದು. ಸುರುಳಿ ಸುತ್ತಿ ಮೈಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದಂಥ ಸದ್ದು ಮಾಡುತ್ತದೆ. ತಲೆಯ ಮೇಲೆ ಬಾಣದಂಥ ಬಿಳಿಯ ಗುರುತಿರುತ್ತದೆ. ಬೆಕ್ಕುಹಾವು ತೆಳುವಾದ ಮೈಯದು, ಕಣ್ಣು ದೊಡ್ಡದು, ಮನುಷ್ಯನಿಗೆ ಅಪಾಯಕಾರಿಯಲ್ಲ.

ಈ ಪಾಠಕ್ಕೆ ಒಂದು ಕಟ್ಟಳೆ ಸೇರಿಸಬೇಕು. ಸಂದೇಹ ಬಂದ ಕಡೆ ಹಾವನ್ನು ವಿಷದ್ದೆಂದೇ ಎಣಿಸಿ ದೂರ ನಿಲ್ಲಬೇಕು. ಕಚ್ಚಿದ್ದು ಯಾವುದಾದರೂ ಆಸ್ಪತ್ರೆಗೇ ಹೋಗಬೇಕು. ತೋಳಹಾವೆಂದು ತೋರಿದ್ದು ಕಟ್ಟುಹಾವಾಗಿದ್ದರೆ ಆ ತಪ್ಪನ್ನು ತಿದ್ದಿಕೊಳ್ಳಲು ಮರಳಿ ಅವಕಾಶವಿರುವುದಿಲ್ಲ.

ಉಪಾಧ್ಯಾಯರ ಪಾಲಿನ ಕೆಲಸ

2020ರಲ್ಲಿ ಪ್ರಕಟವಾದ ಒಂದು ಅಧ್ಯಯನವು 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನರು, ಅಂದರೆ ವರ್ಷಕ್ಕೆ ಸರಾಸರಿ 58,000 ಜನರು, ಹಾವಿನ ಕಡಿತದಿಂದ ಸತ್ತರೆಂದು ಅಂದಾಜು ಮಾಡಿತು. ಅವರಲ್ಲಿ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚಿನವರು 15 ವರ್ಷದೊಳಗಿನ ಮಕ್ಕಳು. ಈ ಮಾತು ಶಾಲೆಯಲ್ಲಿ ಪಾಠ ಹೇಳುವವರೆಲ್ಲರ ಎದೆಗೆ ತಾಕಬೇಕಾದುದು. 2024ರಲ್ಲಿ ಕರ್ನಾಟಕವೂ ತಮಿಳುನಾಡೂ ಹಾವಿನ ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಪ್ಪದೆ ತಿಳಿಸಬೇಕಾದ ವಿಷಯವೆಂದು ಘೋಷಿಸಿದುವು. 2030ರೊಳಗೆ ಸಾವುಗಳನ್ನು ಅರ್ಧಕ್ಕೆ ಇಳಿಸಬೇಕೆಂಬುದು ದೇಶದ ಗುರಿ.

ಗುರಿಯನ್ನು ಮುಟ್ಟಿಸುವ ಕ್ರಮಗಳು ಮನೆಯಲ್ಲಿಯೇ ಇವೆ. ನೆಲದ ಮೇಲೆ ಮಲಗದೆ ಮಂಚದ ಮೇಲೆ ಸೊಳ್ಳೆಪರದೆಯನ್ನು ಹಾಸಿಗೆಯಡಿಗೆ ಸಿಕ್ಕಿಸಿ ಮಲಗುವುದು. ಇರುಳಿನಲ್ಲಿ ದೀಪವಿಲ್ಲದೆ ಹೊರಗೆ ಕಾಲಿಡದಿರುವುದು. ಸೌದೆ, ಹೆಂಚು, ಕಲ್ಲುಗಳ ರಾಶಿಯನ್ನು ಗೋಡೆಗೆ ಒತ್ತಿ ಇಡದಿರುವುದು. ಇಲಿಗೆ ಆಸ್ಪದ ಕೊಡದಿರುವುದು. ಹಾವು ಕಂಡರೆ ಮಕ್ಕಳನ್ನೂ ದನಕರುಗಳನ್ನೂ ಹಿಂದಕ್ಕೆ ಕರೆದು, ಅದಕ್ಕೆ ಹೋಗಲು ದಾರಿ ಬಿಡುವುದು; ಅದು ಮನೆಯೊಳಗೆ ಸೇರಿಕೊಂಡರೆ ಅಗ್ನಿಶಾಮಕ ದಳಕ್ಕೋ ಅರಣ್ಯ ಇಲಾಖೆಗೋ ತಿಳಿಸುವುದು. ಕಚ್ಚಿದರೆ ಬಿಗಿಯಾದ ಕಟ್ಟು ಕಟ್ಟದೆ, ಗಾಯವನ್ನು ಕೊಯ್ಯದೆ, ಬಾಯಿಂದ ಹೀರದೆ, ಕಡಿತಕ್ಕೊಳಗಾದ ಕೈಕಾಲನ್ನು ಅಲುಗಿಸದಂತೆ ಇರಿಸಿ, 108ಕ್ಕೆ ಕರೆಮಾಡಿ ಸರ್ಕಾರಿ ಆಸ್ಪತ್ರೆಗೆ ಸಾಗಿಸುವುದು.

ಪ್ರತಿ ಶಾಲೆಯಲ್ಲಿಯೂ ಒಂದು ಕೆಲಸವನ್ನು ಕೈಗೊಳ್ಳಬಹುದೆಂದು ನಾವು ಸೂಚಿಸುತ್ತೇವೆ. ಮೇಲಿನ ಎಂಟು ಹಾವುಗಳ ಚಿತ್ರಗಳನ್ನು ದೊಡ್ಡ ಹಾಳೆಯಲ್ಲಿ ಬರೆಸಿ, ಒಂದೊಂದರ ಕೆಳಗೂ ಕನ್ನಡ, ತಮಿಳು, ತೆಲುಗು ಹೆಸರುಗಳನ್ನು ಮಕ್ಕಳಿಂದಲೇ ಮನೆಯ ಹಿರಿಯರನ್ನು ಕೇಳಿಸಿ ಬರೆಯಿಸಬೇಕು. ಒಂದೇ ಊರಿನ ಬೇರೆ ಬೇರೆ ಮನೆಗಳಿಂದ ಒಂದೇ ಹಾವಿಗೆ ಬೇರೆ ಬೇರೆ ಹೆಸರುಗಳು ಬಂದಾವು; ಬೇರೆ ಬೇರೆ ಹಾವುಗಳಿಗೆ ಒಂದೇ ಹೆಸರೂ ಬಂದೀತು. ಆ ಗೊಂದಲವನ್ನು ತರಗತಿಯಲ್ಲಿ ಬಿಡಿಸಿದರೆ, ಕಷ್ಟಕಾಲದಲ್ಲಿ ಹಿತ್ತಿಲಿನಲ್ಲಿ ಅದನ್ನು ಬಿಡಿಸುತ್ತಾ ನಿಲ್ಲಬೇಕಾಗುವುದಿಲ್ಲ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬುದು ನಮ್ಮ ಹಿರಿಯರ ಗಾದೆ. ಜಾಣತನವನ್ನು ಹೇಳಲು ಹುಟ್ಟಿದ ಆ ಮಾತಿಗೆ ಇಂದು ಇನ್ನೂ ಹೆಚ್ಚಿನ ಜಾಣತನವನ್ನು ಸೇರಿಸಬಹುದಾಗಿದೆ. ಕೋಲನ್ನು ಅದರ ಮೂಲೆಯಲ್ಲಿಯೇ ಬಿಟ್ಟು, ನಾಲ್ಕು ಮಾರು ದೂರದಲ್ಲಿ ನಿಂತು, "ಯಾವ ಹಾವು?" ಎಂದು ಕೇಳಿ ಉತ್ತರ ಹೇಳಬಲ್ಲ ಮಗು ಮನೆಗೊಂದಿದ್ದರೆ, ಹಾವೂ ಉಳಿಯುತ್ತದೆ, ಮನೆಯವರೂ ಉಳಿಯುತ್ತಾರೆ.